ಒಂದೇ ಟೆಂಟಿನಲ್ಲಿ ಇಬ್ಬರು ಬೀಗಿತ್ತಿಯರು

ಮೊನ್ನೆ ಭಾನುವಾರ ಹಿತ್ತಲಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಲ್ಲುಜ್ಜಿ ಸವೆದ ಹಳೆಯ ಬ್ರಷ್ಷಿನಿಂದ ಚೈನು ಉಜ್ಜುತ್ತಾ ಕೂತಿದ್ದೆ. ಹಿಂದಿನ ಚಕ್ರದ ಹಲ್ಲುಗಳ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಕೆದಕಿ ಎಳೆದರೆ ಒಂದು ರಾಗಿ ಹುಲ್ಲಿನ ಎಳೆ. ಎಣ್ಣೆ ಕುಡಿದು ಕಪ್ಪಗಾಗಿ, ಎಳೆಮಕ್ಕಳ ಜಡೆಯ ಹಾಗೆ ಹೊಸೆದುಕೊಂಡಿತ್ತು. ಅದನ್ನು ಬೆರಳಿಗೆ ಸುತ್ತಿಕೊಂಡು ನೋಡುತ್ತಿದ್ದಾಗ ಕಾಫಿ ತಂದ ನಮ್ಮ ಮನೆಯವರು, "ಅದೇನು, ಕಳೆದುಹೋದ ಉಂಗುರ ಸಿಕ್ಕವಳ ಹಾಗೆ ನಗ್ತಾ ಇದೀಯ?" ಎಂದರು.

ಅದು ಎಮ್ಮೆದೊಡ್ಡಿ ರಸ್ತೆಯ ಹುಲ್ಲು. ಹೋದ ಸುಗ್ಗಿಯಲ್ಲಿ ನಾನೂ ನನ್ನ ಬೀಗಿತ್ತಿಯೂ ಕಡೂರಿನಿಂದ ತರೀಕೆರೆಗೆ ಸೈಕಲ್ ತುಳಿದುಕೊಂಡು ಹೋದೆವಲ್ಲ, ಆಗ ಸುತ್ತಿಕೊಂಡದ್ದು. ಆಮೇಲೆ ಎಷ್ಟೋ ಸಲ ಚೈನು ಸ್ವಚ್ಛ ಮಾಡಿದ್ದೇನೆ ಎಂದು ತಿಳಿದಿದ್ದೆ. ನಾನು ಮಾಡುವ ಸ್ವಚ್ಛತೆ ಎಂಥದ್ದೆಂದು ಈಗ ಗೊತ್ತಾಯಿತು.

ನೀವು "ಬೀಗಿತ್ತಿಯೂ" ಎಂಬಲ್ಲಿ ನಿಲ್ಲದೆ ಮುಂದಕ್ಕೆ ಬಂದುಬಿಟ್ಟಿರಿ. ಅಲ್ಲಿ ಒಂದು ಗಳಿಗೆ ನಿಲ್ಲಬೇಕಿತ್ತು. ನಮ್ಮ ಭಾಷೆಯಲ್ಲಿ ಬಾಗಿಲಿಗೆ ಜಡಿಯುವುದೂ ಬೀಗ, ಹೆಣ್ಣು ಕೊಟ್ಟು ತಂದು ಮಾಡಿದವರೂ ಬೀಗರು. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮರು ಮಕ್ಕಳ ಮದುವೆ ಮಾಡಿ ಮುಗಿಸಿದವರೇ ಇರಬೇಕು. ಬೀಗರು ಮನೆಗೆ ಬಂದರೆ ಹೆಣ್ಣಿನ ತಾಯಿಯ ಬಾಯಿಗೆ ತಾನಾಗಿ ಬೀಗ ಬೀಳುತ್ತದೆ. ಅವರು ಕೂರುವವರೆಗೆ ಕೂರುವ ಹಾಗಿಲ್ಲ. ಅವರು ಸಾಕು ಎಂದರೆ ಸಾಕಲ್ಲ, ಇನ್ನೊಂದು ಸೌಟು. ಅವರು ಬೇಡ ಎಂದರೆ ಬೇಡವಲ್ಲ, ಇನ್ನೆರಡು ಸೌಟು. ಇಂಥ ನಂಟಿನ ಇಬ್ಬರು ಹೆಂಗಸರು, ಇಬ್ಬರಿಗೂ ಅರವತ್ತರ ಆಸುಪಾಸು, ಒಂದು ಹಗಲೆಲ್ಲ ಸೈಕಲ್ ತುಳಿದು ಒಂದು ಟೆಂಟಿನಲ್ಲಿ ಮಲಗಿದರೆಂದರೆ ಅದು ಸಣ್ಣ ಮಾತಲ್ಲ.

ನಾನು ಕಡೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ಸೈಕಲ್ ಕಲಿತದ್ದು ಚಿಕ್ಕಂದಿನಲ್ಲಿ, ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದಾಗ, ಅಪ್ಪನದೇ ಸೈಕಲ್ಲಿನಲ್ಲಿ. ಸೀಟಿನ ಮೇಲೆ ಕೂತರೆ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಅದಕ್ಕೇ ಬಾರಿನ ಕೆಳಗೆ ಒಂದು ಕಾಲು ತೂರಿಸಿ, ಏಡಿಯ ಹಾಗೆ ಓರೆಯಾಗಿ ನೇತಾಡಿಕೊಂಡು ತುಳಿಯುವುದು. ಲಂಗದ ಅಂಚು ಚೈನಿಗೆ ಸಿಕ್ಕಿ ಕಪ್ಪು ಹಲ್ಲಿನ ಗುರುತು ಸಾಲಾಗಿ ಬೀಳುತ್ತಿತ್ತು. ಅಮ್ಮ ಅದಕ್ಕೆ ಸೀಮೆಎಣ್ಣೆ ಹಾಕಿ ಉಜ್ಜುತ್ತಾ, "ಗಂಡನ ಮನೆಗೆ ಸೈಕಲ್ಲಲ್ಲಿ ಹೋಗ್ತೀಯೇನೇ?" ಎಂದು ಕೇಳುತ್ತಿದ್ದಳು. ಗಂಡನ ಮನೆಗೆ ಬಾಡಿಗೆ ಕಾರಿನಲ್ಲೇ ಹೋದೆ. ಸೈಕಲ್ ಮತ್ತೆ ಕೈಗೆ ಸಿಕ್ಕಿದ್ದು ನಿವೃತ್ತಿಯಾದ ಮೇಲೆ, ಗೇರು ಇರುವಂಥದ್ದು. ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಬಸ್‌ಸ್ಟ್ಯಾಂಡ್ ದಾಟಿದರೆ, ನನ್ನ ಕೈಲಿ ಏಟು ತಿಂದು ಈಗ ಮಕ್ಕಳ ತಂದೆಯರಾಗಿರುವ ಹುಡುಗರು ಅಂಗಡಿಯಿಂದ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಬೆನ್ನು ತಿರುಗಿದ ಮೇಲೆ ನಗುತ್ತಾರೆ ಎಂಬುದೂ ನನಗೆ ಗೊತ್ತು.

ಬೀಗಿತ್ತಿ ನೀಲಮ್ಮನವರದು ಶಿವನಿಯ ಹತ್ತಿರ ಒಂದು ಹಳ್ಳಿ. ತೆಂಗಿನ ತೋಟ, ಒಂದಿಷ್ಟು ಹೊಲ. ಅವರ ಮಗ ಹರೀಶನಿಗೆ ನನ್ನ ಮಗಳು ಚೈತ್ರಳನ್ನು ಕೊಟ್ಟಿದ್ದೇವೆ. ಹರೀಶ ಅಜ್ಜಂಪುರದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಚೈತ್ರ ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ನೀಲಮ್ಮನವರು ಎತ್ತರದ ಆಳು, ಮಾತು ಕಡಿಮೆ. ಮದುವೆ ಮುಗಿದ ದಿನ, "ಎಲ್ಲಾ ಅನುಕೂಲವಾಯ್ತಾ?" ಎಂದು ನಾನು ಕೈ ಹಿಸುಕಿಕೊಂಡು ಕೇಳಿದ್ದಕ್ಕೆ, "ಎಲ್ಲಾ ಚೆನ್ನಾಗಿತ್ತು ಕಣ್ರೀ" ಎಂದು ಇಷ್ಟೇ ಹೇಳಿ ಬಸ್ಸು ಹತ್ತಿದ್ದರು. ಆ ಮಾತಿನೊಳಗೆ ಏನು ಚೆನ್ನಾಗಿರಲಿಲ್ಲ ಎಂದು ಹುಡುಕುವುದರಲ್ಲೇ ನನ್ನ ಎಷ್ಟೋ ನಿದ್ದೆ ಹೋಗಿದೆ. ಪಾಯಸವೇ, ಚಪ್ಪರವೇ, ನಮ್ಮ ಮನೆಯವರ ಜೋಕುಗಳೇ, ಗೊತ್ತಾಗಲಿಲ್ಲ.

ಇಂಥವರು ಸೈಕಲ್ ಹತ್ತಿದ್ದು ನನ್ನ ಮಗಳಿಂದ. ಮಂಡಿನೋವಿಗೆ ಸೈಕಲ್ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ಚೈತ್ರ ಅತ್ತೆಯನ್ನು ಕಣದಲ್ಲಿ ಸುತ್ತಿಸಿ ಸುತ್ತಿಸಿ ಕಲಿಸಿಬಿಟ್ಟಳು. ಆಮೇಲೆ ಗಂಡ ಹೆಂಡತಿ ಸೇರಿ ಒಂದು ಯೋಜನೆ ಹಾಕಿದರು. ಇಬ್ಬರು ಅಮ್ಮಂದಿರು, ಅವರಿಬ್ಬರು, ನಾಲ್ಕೂ ಜನ ಕಡೂರಿನಿಂದ ಎಮ್ಮೆದೊಡ್ಡಿ ಮೇಲೆ ಲಿಂಗದಹಳ್ಳಿಯತ್ತ ಹೋಗಿ, ದಾರಿಯಲ್ಲಿ ಟೆಂಟು ಹಾಕಿ, ಮಾರನೆಯ ದಿನ ತರೀಕೆರೆ ಸೇರುವುದು. ಅಲ್ಲಿಂದ ಅಜ್ಜಂಪುರ, ಮನೆ.

ಇದರ ಹಿಂದೆ ಇನ್ನೊಂದು ಸಂಗತಿ ಇತ್ತು. ಚೈತ್ರ ಮಳೆಗಾಲದಲ್ಲೇ ನನ್ನ ಕಿವಿಯಲ್ಲಿ ಹೇಳಿದ್ದಳು. ದಿನಾ ಹಳ್ಳಿಯಿಂದ ತರೀಕೆರೆಗೆ ಬಸ್ಸು ಬದಲಾಯಿಸಿಕೊಂಡು ಹೋಗಿ ಬರುವುದು ಅವಳ ಕೈಲಿ ಆಗುತ್ತಿರಲಿಲ್ಲ. ತರೀಕೆರೆಯಲ್ಲೇ ಒಂದು ಬಾಡಿಗೆ ಮನೆ ಮಾಡಿದರೆ ಅವಳಿಗೆ ಆಸ್ಪತ್ರೆ ಹತ್ತಿರ, ಹರೀಶನಿಗೆ ಅಜ್ಜಂಪುರವೇನೂ ದೂರವಲ್ಲ. ಆದರೆ ಅತ್ತೆಗೆ ಹೇಳುವವರು ಯಾರು? "ನಿಮ್ಮಮ್ಮಂಗೆ ನೀವು ಹೇಳಿ ಅಂದ್ರೆ ಇವ್ರು ಕೇಳಿಸ್ಕೊಂಡಿಲ್ದೋರ ಹಾಗೆ ಮೋಟಾರ್ ಬಿಚ್ತಾರೆ. ಅಮ್ಮಾ, ನೀನೇ ಯಾವಾಗಾದ್ರೂ ನಿಧಾನಕ್ಕೆ ಹೇಳು" ಎಂದು ನನ್ನ ತಲೆಗೆ ಕಟ್ಟಿದ್ದಳು. ಸೈಕಲ್ ತುಳಿಯುತ್ತಾ ಹೇಳಿದರೆ ಎದುರಿನವರ ಮುಖ ನೋಡಬೇಕಾಗಿಲ್ಲವಲ್ಲ ಎಂದು ನಾನೂ ಒಪ್ಪಿದ್ದೆ.

ಹೊರಡುವ ಹಿಂದಿನ ದಿನವೇ ನೀಲಮ್ಮನವರು ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ಒಬ್ಬಟ್ಟು, ಕೋಸಂಬರಿ, ಹಪ್ಪಳ, ಎಲ್ಲ ಆಯಿತು. ಬೆಳಗಿನ ಜಾವ ಚೈತ್ರಳ ಫೋನು ಬಂತು. ಜೊತೆಯವಳಿಗೆ ಜ್ವರ, ಅವಳ ಪಾಳಿಯನ್ನೂ ಇವಳೇ ಮಾಡಬೇಕು. ಹರೀಶನಿಗೆ ಯಾರದೋ ತೋಟದ ಮೋಟಾರು ಸುಟ್ಟುಹೋಗಿ, ಅವರು ಅಂಗಡಿ ಬಾಗಿಲಲ್ಲೇ ಕೂತಿದ್ದಾರೆ. ಬರಲಾಗುವುದಿಲ್ಲ.

ಟೆಂಟಿನ ಚೀಲವನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಬೇಡ ಬಿಡಿ ಎಂದು ನೀಲಮ್ಮನವರು ಹೇಳಲಿ ಎಂದು ನಾನು ಕಾದೆ. ನಾನು ಹೇಳಲಿ ಎಂದು ಅವರು ಕಾದರು ಎಂಬುದು ಆಮೇಲೆ ಗೊತ್ತಾಯಿತು. ಬೀಗರ ಎದುರಿಗೆ ಕೈಲಾಗುವುದಿಲ್ಲ ಎಂದು ಮೊದಲು ಯಾರು ಹೇಳುತ್ತಾರೆ?

"ನಿಮಗೆ ಹೇಗನ್ನಿಸುತ್ತೋ" ಎಂದೆ.

"ನಂದೇನೈತೆ, ನೀವು ಹೆಂಗಂತೀರೋ ಹಂಗೆ" ಎಂದರು.

"ಬಿಸಿಲು ಏರೋ ಮೊದ್ಲು ಹೊರಟ್ರೆ ಒಳ್ಳೇದು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ನಮ್ಮ ಮನೆಯವರು ಗೇಟು ತೆಗೆದು, "ದಾರೀಲಿ ಎಲ್ಲಾದ್ರೂ ಕೂತ್ಬಿಟ್ರೆ ಫೋನ್ ಮಾಡಿ, ಎರಡು ಸೈಕಲ್ಲು ಎರಡು ಬೀಗಿತ್ತಿ ಹಿಡಿಯೋ ಅಂಥ ಟೆಂಪೋ ಹೇಳಿಟ್ಟಿರ್ತೀನಿ" ಎಂದರು. ಮದುವೆಯಲ್ಲಿ ಚೆನ್ನಾಗಿಲ್ಲದ್ದು ಇವರ ಜೋಕುಗಳೇ ಇರಬೇಕು ಎಂದು ನನಗೆ ಮತ್ತೆ ಅನ್ನಿಸಿತು.

ಚಳಿಯ ಬೆಳಗು. ಊರು ದಾಟಿದರೆ ತೆಂಗಿನ ತೋಟಗಳ ಮೇಲೆ ಹೊಗೆಯ ಹಾಗೆ ಮಂಜು. ಪಶ್ಚಿಮಕ್ಕೆ ಬಾಬಾಬುಡನ್ ಬೆಟ್ಟದ ಸಾಲು ಇನ್ನೂ ಹೊದ್ದು ಮಲಗಿತ್ತು. ನೀಲಮ್ಮನವರು ಚೂಡಿದಾರದ ಪ್ಯಾಂಟು, ಕೆಂಪು ಸ್ವೆಟರ್ ಹಾಕಿಕೊಂಡು, ತೇರು ಹೋಗುವ ಗತ್ತಿನಲ್ಲಿ ನೆಟ್ಟಗೆ ಕೂತು ತುಳಿಯುತ್ತಿದ್ದರು. ನಾನು ಹಿಂದೆ. ಬೀಗಿತ್ತಿಯನ್ನು ಹಿಂದೆ ಹಾಕುವುದು ಮರ್ಯಾದೆಯಲ್ಲ. ಅವರೋ ನಾನು ಹಿಂದೆ ಬೀಳಬಾರದೆಂದು ನಿಧಾನ ಮಾಡುವರು. ಅವರು ನಿಧಾನ ಮಾಡಿದರೆ ನಾನೂ ನಿಧಾನ. ಹೀಗೆ ಮರ್ಯಾದೆ ಕೊಟ್ಟು ಕೊಟ್ಟು ಇಬ್ಬರೂ ಒಂದು ಸಲ ರಸ್ತೆಯ ನಡುವೆ ನಿಂತೇಬಿಟ್ಟೆವು.

ಮುಂದೆ ಒಂದು ಹಳ್ಳಿಯ ಬಾಗಿಲಲ್ಲಿ ರಸ್ತೆಯೇ ಕಣ. ಆಳೆತ್ತರವಲ್ಲದಿದ್ದರೂ ಮೊಣಕಾಲೆತ್ತರಕ್ಕೆ ರಾಗಿ ತೆನೆ ಹರಡಿದ್ದರು. ಬಸ್ಸು ಲಾರಿ ಹಾದು ಕಾಳು ಉದುರಬೇಕು. ನಾವು ಅದರ ಮೇಲೆ ತುಳಿಯಲು ಹೋಗಿ, ಹುಲ್ಲು ಚೈನಿಗೆ ಸುತ್ತಿಕೊಂಡು, ಇಬ್ಬರೂ ಪಕ್ಕಕ್ಕೆ ವಾಲಿ ಹಾಸಿಗೆಯ ಮೇಲೆ ಬಿದ್ದ ಹಾಗೆ ಬಿದ್ದೆವು. ತೆನೆ ಮಗುಚುತ್ತಿದ್ದ ಹೆಂಗಸೊಬ್ಬಳು ಬಂದು ಎಬ್ಬಿಸುತ್ತಾ, "ಲಾರಿ ಬಂದಂಗೇ ಆಯ್ತು ಬಿಡಿ, ಕಾಳು ಉದ್ರುತು" ಎಂದಳು. ಆಮೇಲೆ ನಮ್ಮ ಹೆಲ್ಮೆಟ್ಟು ನೋಡಿ, "ಯಾವ ಇಲಾಖೆಯೋರು ನೀವು? ಓಟರ್ ಲಿಸ್ಟಾ?" ಎಂದು ಕೇಳಿದಳು.

"ಇಲ್ಲ ಕಣವ್ವ, ಸುಮ್ನೆ ಹೋಗ್ತಿದೀವಿ" ಎಂದೆ.

"ಸುಮ್ನೆ ಯಾರಾದ್ರೂ ಹೋಗ್ತಾರಾ?" ಎಂದು ಅವಳು ನಂಬಲಿಲ್ಲ.

ಯಾರೂ ನಂಬಲಿಲ್ಲ. ಟೀ ಅಂಗಡಿಯಲ್ಲಿ ನಾವು ಕರೆಂಟಿನವರು. ಅದರಾಚೆ ಕಟ್ಟೆಯ ಮೇಲೆ ಕೂತಿದ್ದ ಯಜಮಾನರೊಬ್ಬರ ಪಾಲಿಗೆ ದನಕ್ಕೆ ಲಸಿಕೆ ಹಾಕುವವರು. ಅವರು ಮನೆಗೆ ಕರೆದು ಹಸು ತೋರಿಸಿಯೇ ಬಿಡುತ್ತಿದ್ದರು. ಅಷ್ಟರಲ್ಲಿ ನೀಲಮ್ಮನವರು ಗಂಭೀರವಾಗಿ, "ಹರಕೆ ಕಣ್ರೀ" ಎಂದರು. ಯಜಮಾನರು ತಕ್ಷಣ ಕೈ ಮುಗಿದು ದಾರಿ ಬಿಟ್ಟರು. ಆಮೇಲೆ ನಾವು ಎಲ್ಲರಿಗೂ ಅದನ್ನೇ ಹೇಳಿದೆವು. ಸುಮ್ಮನೆ ಹೋಗುವವರನ್ನು ನಮ್ಮ ಜನ ನಂಬುವುದಿಲ್ಲ, ಹರಕೆ ಹೊತ್ತವರನ್ನು ಏನೂ ಕೇಳುವುದಿಲ್ಲ. ಯಾವ ದೇವರಿಗೆ ಎಂದು ನಾನೇ ಅವರನ್ನು ಕೇಳಿದೆ. "ಮಂಡಿ ದೇವ್ರಿಗೆ" ಎಂದರು. ಬೀಗರಾದ ಎರಡು ವರ್ಷದಲ್ಲಿ ನೀಲಮ್ಮನವರು ನನ್ನೆದುರು ಆಡಿದ ಮೊದಲ ತಮಾಷೆ ಅದು. ಸೈಕಲ್ ಹೊಯ್ದಾಡುವಷ್ಟು ನಕ್ಕೆ.

ಆ ನಗುವಿನ ಧೈರ್ಯದಲ್ಲಿ, ಈಗ ಹೇಳಿಬಿಡೋಣ ಎಂದುಕೊಂಡೆ. ದನ ಮೇಯುವ ಬಯಲು, ಎಮ್ಮೆದೊಡ್ಡಿಯ ಕಾವಲು ಶುರುವಾಗಿತ್ತು. ಎರಡೂ ಕಡೆ ಒಣಗಿ ಹೊನ್ನಾದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಮೇಲೆ ದೊಡ್ಡ ಆಕಾಶ. ಅವರ ಪಕ್ಕಕ್ಕೆ ಸೈಕಲ್ ತಂದು, "ಬೀಗಿತ್ತಿಯೋರೆ, ಒಂದು ವಿಷಯ" ಎನ್ನುವಷ್ಟರಲ್ಲಿ ಜಾಲಿಯ ಮರೆಯಿಂದ ದನದ ಹಿಂಡು ರಸ್ತೆಗೆ ಬಂತು. ಅಮೃತಮಹಲ್ ದನ. ಕತ್ತಿಯ ಹಾಗೆ ಹಿಂದಕ್ಕೆ ಬಾಗಿದ ಕೊಂಬು. ಅವುಗಳ ನೋಟದಲ್ಲಿ ನಮ್ಮ ಮನೆ ಹಸುವಿನ ಸೌಮ್ಯತೆ ಏನೂ ಇಲ್ಲ. ಮುಂದಿನದು ನಿಂತು, ನೀಲಮ್ಮನವರನ್ನು ನೋಡಿ, ಮೂಗಿನಿಂದ ಬುಸ್ ಎಂದಿತು.

ದೂರದಿಂದ ದನ ಕಾಯುವವನು ಕೂಗಿದ. "ಅಮ್ಮಾ, ಆ ಕೆಂಪು ಸ್ವೆಟ್ರು ತಗದ್ಬಿಡಿ. ಅವಕ್ಕೆ ಆಗಲ್ಲ."

ನೀಲಮ್ಮನವರು ಹೆದರಿದ್ದು ಕಾಣಲಿಲ್ಲ. ಸೈಕಲ್ಲಿನಿಂದ ಇಳಿದು ನಿಧಾನವಾಗಿ ಸ್ವೆಟರ್ ತೆಗೆದು ಮಡಿಸಿ ಚೀಲಕ್ಕೆ ಹಾಕಿದರು. ಅದರೊಳಗೆ ಅವರು ಹಾಕಿಕೊಂಡಿದ್ದು ಹರೀಶ ಕಾಲೇಜಿನಲ್ಲಿ ಕಬಡ್ಡಿ ಆಡುವಾಗಿನ ಹಳದಿ ಟೀ ಶರ್ಟು. ಬೆನ್ನ ಮೇಲೆ ದಪ್ಪಕ್ಷರದಲ್ಲಿ ಕ್ಯಾಪ್ಟನ್ ಎಂದು ಬರೆದಿತ್ತು. "ಸೊಸೆ ಕೊಟ್ಲು, ಬೆವರು ಹೀರುತ್ತಂತೆ" ಎಂದು ನನ್ನ ಕಡೆ ನೋಡದೆ ಹೇಳಿದರು. ಆಮೇಲೆ ದನದ ಕಡೆ ತಿರುಗಿ, "ಹೋಗ್ರವ್ವ, ನಾವೇನು ನಿಮ್ ಹುಲ್ಲು ಕೇಳಕ್ಕೆ ಬಂದಿಲ್ಲ" ಎಂದರು. ಹಿಂಡು ನಮ್ಮ ಎರಡೂ ಪಕ್ಕ ಹರಿದು ಹೋಯಿತು. ಕೊಂಬುಗಳ ನಡುವೆ ನಾನು ಸೈಕಲ್ಲನ್ನೇ ಗುರಾಣಿಯಂತೆ ಹಿಡಿದು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಧೂಳು ಇಳಿದ ಮೇಲೆ ನೀಲಮ್ಮನವರು, "ಏನೋ ವಿಷಯ ಅಂದ್ರಿ?" ಎಂದರು. ಬಾಯಿ ಒಣಗಿತ್ತು. "ನೀರು ಕುಡಿಯೋಣ ಅಂತ" ಎಂದೆ.

ಮಧ್ಯಾಹ್ನ ಕೆರೆಯ ಏರಿಯ ಮೇಲೆ ಹೊಂಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗಲೂ ಹೇಳಬೇಕೆಂದುಕೊಂಡೆ. ಆದರೆ ನೀಲಮ್ಮನವರ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಾಯಲ್ಲಿದ್ದಾಗ ಕೆಟ್ಟ ಸುದ್ದಿ ಹೇಳುವುದು ಸರಿಯೆನಿಸಲಿಲ್ಲ. ಊಟವಾದ ಮೇಲೆ ಏರು ಬಂತು. ಏರಿನಲ್ಲಿ ಮಾತಿಗೆ ಉಸಿರಿಲ್ಲ, ಇಳಿಜಾರಿನಲ್ಲಿ ಮಾತು ಗಾಳಿಗೆ. ಮೂರನೆಯ ಏರಿನಲ್ಲಿ ಅವರು ಇಳಿದು ಸೈಕಲ್ ತಳ್ಳತೊಡಗಿದರು. ನಾನು ಆ ಪುಣ್ಯಕ್ಕೇ ಕಾಯುತ್ತಿದ್ದವಳು, ಅವರಿಗಿಂತ ಮೊದಲೇ ಇಳಿದಿರಲಿಲ್ಲ ಎಂಬ ಹೆಮ್ಮೆಯಿಂದ ಇಳಿದೆ. "ಸೈಕಲ್ಲಿಗೂ ಸುಸ್ತಾಗಿರುತ್ತೆ ಪಾಪ" ಎಂದರು. "ಹೌದು ಪಾಪ" ಎಂದೆ.

ಲಿಂಗದಹಳ್ಳಿ ದಾಟಿ ತರೀಕೆರೆಯ ಕಡೆ ಸ್ವಲ್ಪ ದೂರ ಬಂದಾಗ ಹೊತ್ತು ಇಳಿಯುತ್ತಿತ್ತು. ರಸ್ತೆ ಪಕ್ಕದ ತೆಂಗಿನ ತೋಟದಲ್ಲಿ ಗರಿ ಎಳೆದು ಗುಡ್ಡೆ ಹಾಕುತ್ತಿದ್ದ ಹೆಂಗಸನ್ನು ಕಂಡು ನಿಂತೆವು. ಜಯಮ್ಮ ಎಂದು ಹೆಸರು, ತೋಟ ಅವರದೇ, ಮನೆ ತೋಟದ ಆ ತುದಿಗೆ. ಇವತ್ತೊಂದು ದಿನ ಇಲ್ಲಿ ಟೆಂಟು ಹಾಕಿಕೊಂಡು ಮಲಗಬಹುದೇ ಎಂದು ಕೇಳಿದೆ. ಅವರು ಗರಿ ಕೆಳಗಿಟ್ಟು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣಲ್ಲಿ ಕನಿಕರ ತುಂಬಿಕೊಂಡಿತು.

"ಸೊಸೆ ಹೊರಗೆ ಹಾಕಿದ್ಲಾ?" ಎಂದು ಮೆಲ್ಲಗೆ ಕೇಳಿದರು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನೀಲಮ್ಮನವರ ಮುಖ ಬಿಗಿಯಾಯಿತು. "ನನ್ನ ಸೊಸೆ ಹಂಗಲ್ಲ ಕಣವ್ವ. ನಂಗೆ ಸೈಕಲ್ ಕಲ್ಸಿದ್ದೇ ಅವ್ಳು. ಅಂಥೋಳು ಹುಡುಕಿದ್ರೂ ಸಿಗಲ್ಲ" ಎಂದು, ನನ್ನ ಕಡೆ ಕೈ ತೋರಿಸಿ, "ಇವರ ಮಗಳೇ ಅವ್ಳು" ಎಂದರು.

ಜಯಮ್ಮ ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ಬೀಗಿತ್ತಿಯರಾ? ಇಬ್ರೂ ಒಂದೇ ಟೆಂಟಲ್ಲಾ?"

"ಹ್ಞೂಂ."

"ನಮ್ಮ ಬೀಗಿತ್ತಿ ನಮ್ಮನೇಲಿ ಒಂದು ಲೋಟ ನೀರು ಕುಡಿದೋಳಲ್ಲ" ಎಂದು ಹೇಳಿ, ಬಟ್ಟೆ ಮನೆಯಲ್ಲಿ ಮಲಗುವುದು ಬೇಡ, ಮನೆಗೇ ಬನ್ನಿ ಎಂದು ಬಹಳ ಕರೆದರು. ನಾವು ಹರಕೆ ಎಂದೆವು. ಹಾಗಾದರೆ ಊಟ ಮಾತ್ರ ನನ್ನದು ಎಂದು ಹೊರಟರು.

ಅಂಥೋಳು ಹುಡುಕಿದರೂ ಸಿಗಲ್ಲ. ಮಗಳ ಬಗ್ಗೆ ಅವಳ ಅತ್ತೆಯ ಬಾಯಲ್ಲಿ ಇಂಥ ಮಾತು ಕೇಳಿದ ತಾಯಿ ಎಂಥ ದಡ್ಡಿಯಾಗುತ್ತಾಳೆಂದು ಹೇಳಿದರೆ ನಂಬುವುದಿಲ್ಲ. ಇದೇ ಸಮಯ ಎಂದುಕೊಂಡೆ. ಟೆಂಟಿನ ಬಟ್ಟೆ ಹಾಸಿ, ಅದರ ಬಳುಕುವ ಕೋಲಿನ ಒಂದು ತುದಿ ನಾನು, ಇನ್ನೊಂದು ತುದಿ ಅವರು ಹಿಡಿದು ಬಿಲ್ಲಿನ ಹಾಗೆ ಬಗ್ಗಿಸುತ್ತಿದ್ದೆವು. ನಡುವೆ ಬಟ್ಟೆ ಇತ್ತು, ಮುಖ ಕಾಣುತ್ತಿರಲಿಲ್ಲ.

"ಬೀಗಿತ್ತಿಯೋರೆ, ಚೈತ್ರ ಹರೀಶ ತರೀಕೆರೇಲಿ ಒಂದು ಮನೆ ಮಾಡೋಣ ಅಂತಿದಾರೆ."

ಆ ಕಡೆಯ ಕೈ ಕೋಲು ಬಿಟ್ಟಿತು. ಕಟ್ಟಿದ್ದಷ್ಟೂ ಟೆಂಟು ನಿಟ್ಟುಸಿರುಬಿಟ್ಟು ಮಲಗಿತು. ಅದರಾಚೆ ನೀಲಮ್ಮನವರು ನಿಂತಿದ್ದರು.

"ಯಾವತ್ತಿಂದ?"

"ಮಳೆಗಾಲದಿಂದ."

"ನಿಮಗೆ ಯಾವಾಗ ಹೇಳಿದ್ಲು?"

"ಮಳೆಗಾಲದಲ್ಲೇ."

"ದಿನಾ ಮಲಗೋ ಮುಂಚೆ ನನ್ನ ಮಂಡಿಗೆ ಎಣ್ಣೆ ಹಚ್ತಾಳೆ" ಎಂದರು. "ಅವಾಗ ಹೇಳಬಹುದಾಗಿತ್ತು."

ಹೋಗಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ನನಗೆ ಬೆನ್ನು ಹಾಕಿ ಕೂತರು. ಬೆನ್ನ ಮೇಲೆ ಕ್ಯಾಪ್ಟನ್ ಎಂದಿತ್ತು. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. ನಾನು ಬಿದ್ದ ಟೆಂಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ಮಗಳ ಸಂಸಾರಕ್ಕೆ ನಾನೇ ಕಲ್ಲು ಹಾಕಿದೆನೇನೋ ಎನ್ನಿಸಿತು. ತೋಟದೊಳಗೆ ಬೆಳಕು ಕಡಿಮೆಯಾಗುತ್ತಾ ಬಂತು. ಒಬ್ಬಳೇ ಕೋಲು ಬಗ್ಗಿಸಲು ನೋಡಿದೆ. ಈ ಕಡೆ ಸಿಕ್ಕಿಸಿದರೆ ಆ ಕಡೆ ಎದ್ದು ಬರುತ್ತಿತ್ತು.

ಜಯಮ್ಮ ಅವರೆಕಾಳಿನ ಸಾರಿನ ಪಾತ್ರೆ, ಬಟ್ಟೆಯಲ್ಲಿ ಸುತ್ತಿದ ಮುದ್ದೆ ತಂದವರು, "ಇದ್ಯಾಕೆ ಮನೆ ಮಲಗಿಬಿಟ್ಟೈತೆ?" ಎಂದರು. ಅವರು ನಮ್ಮಿಬ್ಬರ ನಡುವಿನ ದೂರವನ್ನು ಅಳೆದು, ಪಾತ್ರೆ ಕೆಳಗಿಟ್ಟು, "ಏಳ್ರವ್ವ, ಒಬ್ಬೊಬ್ರು ಒಂದೊಂದು ಕಡೆ ಕೂತ್ರೆ ಗುಡಿಸಲೂ ನಿಲ್ಲಲ್ಲ" ಎಂದರು. ಬೇರೆಯವರ ತೋಟದಲ್ಲಿ ಅವರ ಮಾತು ಮೀರಲಾಗುತ್ತದೆಯೇ? ನೀಲಮ್ಮನವರು ಎದ್ದು ಬಂದರು. ಹಿಡೀರಿ, ಎಳೀರಿ, ಸ್ವಲ್ಪ ಬಿಡಿ, ಇಷ್ಟೇ ಮಾತಿನಲ್ಲಿ ಟೆಂಟು ಎದ್ದಿತು. ಒಂದು ಕಡೆ ಸೊಟ್ಟ ಇತ್ತು. ಜಯಮ್ಮ ಒಳಗೆ ತಲೆ ಹಾಕಿ ನೋಡಿ, ಪರವಾಗಿಲ್ಲ ಎಂಬಂತೆ ತಲೆದೂಗಿ ಹೋದರು.

ಮುದ್ದೆ ಮುರಿಯುತ್ತಾ ನೀಲಮ್ಮನವರು ತಾವಾಗಿ ಮಾತು ತೆಗೆದರು. "ಹೋದ ತಿಂಗ್ಳು ಬಸ್ಸಲ್ಲಿ ನಿದ್ದೆ ಹೋಗ್ಬಿಟ್ಟು ಅವಳ ಸ್ಟಾಪ್ ದಾಟಿ ಹೋಗಿದ್ಲು. ನಿಮಗೆ ಹೇಳಿದ್ಲಾ?"

"ಇಲ್ಲ."

"ನಂಗೆ ಗೊತ್ತು. ಅವ್ಳು ಸೊರಗಿರೋದು ನಂಗೆ ಕಾಣಲ್ವಾ? ನಾನೇ ಹೇಳ್ಬೇಕಿತ್ತು, ತರೀಕೆರೇಲೇ ಇರ್ರಪ್ಪ ಅಂತ. ಬಾಯಿ ಬರ್ಲಿಲ್ಲ. ಸಾಯಂಕಾಲ ಅವ್ಳು ಬಂದ್ರೆ ಮನೇಲಿ ಒಂದು ಮಾತು. ನಿಮ್ಮ ಬೀಗ್ರು ಮಾತಾಡೋದು ಟಿವಿ ಜೊತೆ." ಮುದ್ದೆಯ ತುಂಡನ್ನು ಸಾರಿಗೆ ಅದ್ದುತ್ತಾ, "ಹೋಗೋದಕ್ಕಲ್ಲ ಕಣ್ರೀ ಬೇಜಾರು. ಹೇಳಕ್ಕೆ ಹೆದರಿದ್ಲಲ್ಲ, ಅದಕ್ಕೆ. ನಾನೇನು ಹುಲೀನಾ?" ಎಂದರು.

"ನಾನೂ ಹೆದರಿದ್ದೆ" ಎಂದೆ. "ಬೆಳಗ್ಗೆಯಿಂದ ಹೇಳ್ಬೇಕು ಅಂತಲೇ ಇದ್ದೆ. ದನ ಬರದೆ ಇದ್ದಿದ್ರೆ ಅಲ್ಲೇ ಹೇಳ್ತಿದ್ದೆ."

"ನೀರು ಕುಡಿಯೋಣ ಅಂದಿದ್ದು ಅದಾ?" ಎಂದು ಅವರು ಮುದ್ದೆ ತಟ್ಟೆಗಿಟ್ಟು ನಕ್ಕರು. ನಗು ನಿಂತ ಮೇಲೆ, "ನಾನೂ ನಿಮಗೆ ಹೆ‌ದರ್ತಿದ್ದೆ. ಲೆಕ್ಕದ ಟೀಚರ್ರು. ನಾನು ಏನಾದ್ರೂ ತಪ್ಪು ಮಾತಾಡಿದ್ರೆ ಅಂತ ಮದುವೇಲೆಲ್ಲಾ ಬಾಯಿ ಮುಚ್ಕೊಂಡೇ ಓಡಾಡಿದೆ" ಎಂದರು.

ನನ್ನ ನಿದ್ದೆ ಕೆಡಿಸಿದ ಪ್ರಶ್ನೆಯನ್ನು ಕೇಳದೆ ಇರಲಾಗಲಿಲ್ಲ. "ಎಲ್ಲಾ ಚೆನ್ನಾಗಿತ್ತು ಅಂದ್ರಲ್ಲ. ಏನು ಚೆನ್ನಾಗಿರಲಿಲ್ಲ, ಈಗಲಾದ್ರೂ ಹೇಳಿ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಎಲ್ಲಾ ಚೆನ್ನಾಗೇ ಇತ್ತಲ್ರೀ. ಇನ್ನೇನು ಹೇಳ್ಬೇಕಿತ್ತು?"

ಆ ಟೆಂಟು ತಯಾರಿಸಿದವರು ಇಬ್ಬರಿಗೆ ಎಂದು ಬರೆದಿದ್ದಾರೆ. ಆ ಇಬ್ಬರು ಯಾರೋ, ನಮ್ಮ ಕಡೆಯವರಂತೂ ಅಲ್ಲ. ಮಲಗಿದ ಮೇಲೆ ಒಬ್ಬರು ಮಗ್ಗುಲಾದರೆ ಇನ್ನೊಬ್ಬರೂ ಆಗಬೇಕು. ಕಣ್ಣು ಹತ್ತುವ ಹೊತ್ತಿಗೆ ನೀಲಮ್ಮನವರು ಮೊಣಕೈಯಿಂದ ತಿವಿದು, "ಸ್ವಲ್ಪ ಆ ಕಡೆ ಸರ್ಕೊಳೇ" ಎಂದರು. ನಿದ್ದೆಗಣ್ಣಿನಲ್ಲಿ ಆಡಿದ್ದಿರಬೇಕು. ಬೆಳಗ್ಗೆ ಎದ್ದವರು ಮತ್ತೆ ರೀ ಎಂದರು. ನಾನು ನೆನಪಿಸಲು ಹೋಗಲಿಲ್ಲ. ಸರಿದು ಮಲಗಿದೆ, ತುಂಬ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು.

ಬೆಳಗ್ಗೆ ಟೆಂಟಿನ ಮೇಲೆಲ್ಲ ಇಬ್ಬನಿ. ಎದ್ದು ನಿಲ್ಲಲು ನನಗೆ ತೆಂಗಿನ ಮರ ಬೇಕಾಯಿತು, ನೀಲಮ್ಮನವರಿಗೆ ನಾನು ಬೇಕಾದೆ. ಜಯಮ್ಮ ಕಾಫಿ ಕೊಟ್ಟು, ಇಬ್ಬರ ಕ್ಯಾರಿಯರಿಗೂ ನುಗ್ಗೆಕಾಯಿಯ ಕಟ್ಟು ಬಿಗಿದು, ಹರಕೆ ಒಳ್ಳೆಯದಾಗಲಿ ಎಂದು ಕಳಿಸಿದರು. ಸೈಕಲ್ಲಿಗೆ ಬಾಲ ಬಂದ ಹಾಗೆ ನುಗ್ಗೆಕಾಯಿ ಅಲ್ಲಾಡಿಸಿಕೊಂಡು ನಾವು ತರೀಕೆರೆ ಸೇರಿದಾಗ ಚೈತ್ರಳ ಪಾಳಿ ಮುಗಿಯುವ ಹೊತ್ತು. ಆಸ್ಪತ್ರೆಯ ಗೇಟಿನ ಹತ್ತಿರ ನಿಂತೆವು. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದಳು. ಕಬಡ್ಡಿ ಟೀ ಶರ್ಟಿನ ಅತ್ತೆಯನ್ನು ಕಂಡು ನಗುವುದೋ ಬಿಡುವುದೋ ಎಂದು ನಿಂತಳು.

"ಮನೆ ಯಾವ ಬೀದೀಲಿ ನೋಡಿದೀಯ?" ಎಂದರು ನೀಲಮ್ಮನವರು.

ಚೈತ್ರ ಗಾಬರಿಯಿಂದ ನನ್ನ ಕಡೆ ನೋಡಿದಳು. ನಾನು ನುಗ್ಗೆಕಾಯಿಯ ಕಟ್ಟು ಸರಿಪಡಿಸುತ್ತಿದ್ದೆ.

"ಅವ್ರನ್ನ ಏನು ನೋಡ್ತೀಯ, ನನ್ನ ನೋಡು" ಎಂದು ನೀಲಮ್ಮನವರು ಅವಳ ಹೆಗಲಿನ ಚೀಲ ತೆಗೆದು ತಮ್ಮ ಸೈಕಲ್ಲಿಗೆ ಸಿಕ್ಕಿಸಿದರು. "ಇನ್ಮೇಲೆ ಏನಿದ್ರೂ ನಂಗೆ ಮೊದ್ಲು ಹೇಳ್ಬೇಕು. ಬೈದ್ರೆ ಬೈಸ್ಕೋಬೇಕು. ತಿಳೀತಾ?"

"ಹ್ಞೂಂ ಅತ್ತೆ" ಎಂದು ಚೈತ್ರ ಅಲ್ಲೇ ಗೇಟಿನ ಹತ್ತಿರ ಅಳತೊಡಗಿದಳು. "ಅಳೋದು ಆಮೇಲೆ, ಮನೆ ತೋರ್ಸು" ಎಂದರು.

ಅವಳು ನೋಡಿಟ್ಟಿದ್ದು ಎರಡು ಮನೆ. ಮೊದಲನೆಯದನ್ನು ನೀಲಮ್ಮನವರು ಹೆಣ್ಣು ನೋಡಲು ಬಂದವರ ಹಾಗೆ ಹಿಂದೆ ಮುಂದೆ ನೋಡಿ, ನಲ್ಲಿ ತಿರುಗಿಸಿ, ಅಡುಗೆ ಮನೆಗೆ ಬೆಳಕಿಲ್ಲ ಎಂದು ಬಿಟ್ಟರು. ಎರಡನೆಯದು ಸಣ್ಣದು. ಮುಂದೆ ದಾಸವಾಳದ ಗಿಡ, ಒಳಗೆ ಗಾಳಿ ಬೆಳಕು ಚೆನ್ನಾಗಿತ್ತು. ಹೊರಗಿನಿಂದ ತಾರಸಿಗೆ ಮೆಟ್ಟಿಲು. ಮನೆಯ ಯಜಮಾನರು ಬಾಗಿಲಲ್ಲಿ ನಿಂತು ನಮ್ಮ ಸೈಕಲ್ಲು, ಹೆಲ್ಮೆಟ್ಟು, ನುಗ್ಗೆಕಾಯಿ ಎಲ್ಲವನ್ನೂ ನೋಡಿ, "ಎಷ್ಟು ಜನ ಇರ್ತೀರಮ್ಮ?" ಎಂದು ಅನುಮಾನದಿಂದ ಕೇಳಿದರು.

"ಇಬ್ರೇ. ಮಗ, ಸೊಸೆ" ಎಂದರು ನೀಲಮ್ಮನವರು.

"ಮತ್ತೆ ನೀವು?"

"ನಾವು ಬೀಗಿತ್ತಿಯರು, ಬಂದು ಹೋಗೋರು" ಎಂದು ಅವರು ಮೆಟ್ಟಿಲಿನ ತುದಿಯತ್ತ ಕಣ್ಣು ಹಾಯಿಸಿದರು. "ಮೇಲ್ಗಡೆ ತಾರಸೀಲಿ ರಾತ್ರಿ ಹೊತ್ತು ಗಾಳಿ ಜೋರಾ?"

ಯಜಮಾನರಿಗೆ ತಿಳಿಯಲಿಲ್ಲ. "ಯಾಕಮ್ಮ, ಏನಾದ್ರೂ ಒಣಗ್ಸೋದಿದ್ಯಾ?"

ನೀಲಮ್ಮನವರು ನನ್ನ ಕಡೆ ತಿರುಗಿದರು. "ನೀವೇ ಹೇಳಿ ಟೀಚರ್ರೇ. ಗಾರೆ ನೆಲ, ಗೂಟ ಇಳಿಯಲ್ಲ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ರೆ ಸಾಕಾಗಲ್ವಾ?"